ಬಿಚ್ಚಿ ನೋಡದ ಕೈ

ಮನೆಯವರು ಮುದ್ದಿನಿಂದ ಬಟಾಣಿ ಎಂದು ಕರೆಯುವ ಮಗು ಆಸ್ಪತ್ರೆಯಿಂದ ಮನೆಗೆ ಬಂದ ದಿನ ಅಜ್ಜಿ ಮೊಟ್ಟೆ ಬೇಯಿಸಿಟ್ಟಿದ್ದಳು. ಮಗು ಎಡಗೈಯಲ್ಲಿ ಹಿಡಿಯಲು ಹೋಯಿತು. ಮೊಟ್ಟೆ ಜಾರಿ ಮೇಜಿನ ಕೆಳಗೆ ಉರುಳಿತು. ಬಲಗೈ ಬ್ಯಾಂಡೇಜಿನಲ್ಲಿ ತೊಡೆಯ ಮೇಲಿತ್ತು.

"ಬಿಡು, ನಾನು ತಿನ್ನಿಸ್ತೀನಿ. ಬಾಯಿ ತೆಗಿ ನನ್ ಬಂಗಾರ," ಎಂದಳು ಅಜ್ಜಿ. "ಹೋದ ಜೀವ ವಾಪಸ್ ಬಂತಲ್ಲ, ಅಷ್ಟು ಸಾಕು."

"ಜೀವ ಎಲ್ಲಿ ಹೋಗಿತ್ತು ಅತ್ತೆ?" ಮೊಟ್ಟೆ ಹೆಕ್ಕಲು ಬಗ್ಗಿದ್ದ ಸೊಸೆ, ಮಗುವಿನ ತಾಯಿ, ಮೇಜಿನ ಕೆಳಗಿನಿಂದಲೇ ಕೇಳಿದಳು. "ಜ್ವರ ಅಂತ ಸೇರಿಸಿದ್ವಿ. ಜ್ವರ ಹೋಯ್ತು, ಜೊತೆಗೆ ಕೈನೂ ಹೋಯ್ತು."

"ಬಿಡ್ತು ಅನ್ನು! ಊಟದ ಹೊತ್ನಲ್ಲಿ ಎಂಥಾ ಮಾತು."

"ಬಿಡ್ತು ಅಂದ್ರೆ ಬೆರಳು ನೆಟ್ಟಗಾಗುತ್ತಾ?"

ಮೇಜಿನ ಆ ತುದಿಯಲ್ಲಿ ಅಜ್ಜಿಯ ಮಗಳು ತಲೆ ತಗ್ಗಿಸಿಕೊಂಡು ಬ್ರೆಡ್ ತಿನ್ನುತ್ತಿದ್ದಳು. ಅದೇ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಅವಳು ಆಯಾ. ಗಂಡ ಬಿಟ್ಟ ಮೇಲೆ ತಮ್ಮನ ಮನೆಗೆ ಬಂದವಳು, ಎರಡು ಕೋಣೆಯ ಆ ಮನೆಯ ಅರ್ಧ ಖರ್ಚು ತೂಗಿಸುತ್ತಿದ್ದಳು. ತಮ್ಮ, ಅಂದರೆ ಬಟಾಣಿಯ ಅಪ್ಪ, ಗಾಜಿನ ಅಂಗಡಿಯಲ್ಲಿ ಕಿಟಕಿ ಗಾಜು ಕತ್ತರಿಸುವವನು. ಅವನು ಯಾರ ಮುಖವನ್ನೂ ನೋಡದೆ ಉಪ್ಪು ಕೇಳಿದ.

ಆದದ್ದು ಇಷ್ಟು. ಎದೆಯಲ್ಲಿ ಕಫ ಕಟ್ಟಿ ಮಗುವಿಗೆ ಜ್ವರ ಏರಿದಾಗ ವಾರ್ಡಿನಲ್ಲಿ ಮಂಚ ಖಾಲಿ ಇರಲಿಲ್ಲ. ಆಯಾ ಹೆಡ್ ನರ್ಸಿನ ಹಿಂದೆ ಮುಂದೆ ಸುತ್ತಿ ಕಿಟಕಿ ಪಕ್ಕದ ಮಂಚವನ್ನೇ ಕೊಡಿಸಿದಳು. ಬಲಗೈಗೆ ಡ್ರಿಪ್ ಹಾಕಿದರು. ಮಕ್ಕಳು ಸೂಜಿ ಕಿತ್ತುಕೊಳ್ಳುತ್ತಾರೆಂದು ಆ ವಾರ್ಡಿನಲ್ಲಿ ಕೈಯನ್ನು ರಟ್ಟಿನ ತುಂಡಿನ ಮೇಲಿಟ್ಟು ಬೆರಳ ತುದಿಯವರೆಗೂ ಬ್ಯಾಂಡೇಜ್ ಸುತ್ತುವ ರೂಢಿ. ಸುತ್ತುವುದು ನರ್ಸಿನ ಕೆಲಸ, ಆಗಾಗ ಬಿಚ್ಚಿ ನೋಡುವುದೂ ನರ್ಸಿನದೇ. ಆದರೆ ಅವರಿಗೆ ಪುರುಸೊತ್ತಿಲ್ಲ. ಎಷ್ಟೋ ವರ್ಷಗಳಿಂದ ಆಯಾಗಳೇ ಸುತ್ತುತ್ತಿದ್ದರು. ಅವರಲ್ಲಿ ಇವಳ ಕಟ್ಟು ಹೆಸರುವಾಸಿ. ಇವಳು ಕಟ್ಟಿದ್ದನ್ನು ಯಾವ ಮಗುವೂ ಇದುವರೆಗೆ ಬಿಚ್ಚಿರಲಿಲ್ಲ. ತಮ್ಮನ ಮಗಳಿಗೆ ಒಂದು ಸುತ್ತು ಹೆಚ್ಚಾಗಿಯೇ ಹಾಕಿದಳು. "ಇವಳನ್ನ ನಾನು ನೋಡ್ಕೋತೀನಿ ಸಿಸ್ಟರ್, ನೀವು ಉಳಿದವರ ಕಡೆ ನೋಡಿ," ಎಂದಳು. ನರ್ಸಿಗೆ ಬೇಕಾದದ್ದೂ ಅದೇ.

ಮಾರನೆಯ ದಿನ ಮಗು ಕೈನೋವು ಎಂದು ಅಳಲು ಶುರುಮಾಡಿತು. ಸೊಸೆ ನರ್ಸಿಗೆ ಹೇಳಿದಳು. "ಸೂಜಿ ಚುಚ್ಚಿದ ಕೈ ನೋಯದೆ ಇರುತ್ತೇನಮ್ಮಾ?" ಎಂದಳು ನರ್ಸ್. ರೌಂಡ್ಸಿಗೆ ಬಂದ ಕಿರಿಯ ಡಾಕ್ಟರಿಗೆ ಹೇಳಿದಳು. ಅವನು ಎದೆಗೆ ಸ್ಟೆತಸ್ಕೋಪ್ ಇಟ್ಟು ನೋಡಿ, "ತುಂಬಾ ಸುಧಾರಿಸಿದೆ," ಎಂದು ಮುಂದಿನ ಮಂಚಕ್ಕೆ ಹೋದ. "ಸಾರ್, ಆ ಕೈ ಒಂದ್ಸಲ ಬಿಚ್ಚಿ ನೋಡಿ," ಎಂದು ಹಿಂದೆಯೇ ಹೋದಳು. "ಸಿಸ್ಟರ್ ನೋಡ್ತಾರೆ." ಸಿಸ್ಟರ್ ನೋಡಲಿಲ್ಲ. ಮತ್ತೆ ಕರೆಯಲು ಎದ್ದಾಗ ಆಯಾ ಅವಳನ್ನು ಬಾಗಿಲ ಪಕ್ಕಕ್ಕೆ ಎಳೆದಳು.

"ಸುಮ್ ಸುಮ್ನೆ ಕರೀಬೇಡ ಕಣೇ. ನಮ್ ಕಡೆಯವರು ಅಂತ ಮಂಚ ಕೊಟ್ಟಿದಾರೆ. ಆಮೇಲೆ ನಿನ್ ಮನೆಯವರದ್ದೇ ರಾಮಾಯಣ ಅಂತ ನನ್ ತಲೆ ತಿಂತಾರೆ."

ಸೊಸೆ ಬಂದು ಕೂತಳು. ಸಂಜೆಯ ಹೊತ್ತಿಗೆ ಮಗು ಅಳು ನಿಲ್ಲಿಸಿತು. ಎಲ್ಲರಿಗೂ ಸಮಾಧಾನವಾಯಿತು.

ಸೂಜಿ ತೆಗೆಯಲು ಬ್ಯಾಂಡೇಜ್ ಬಿಚ್ಚಿದಾಗ ಕೈ ಎರಡರಷ್ಟು ಊದಿತ್ತು. ಸೂಜಿ ನರದಿಂದ ಜಾರಿ, ಔಷಧಿಯೆಲ್ಲ ಮಾಂಸಕ್ಕೆ ಇಳಿದಿತ್ತು. ಅಂಗೈ ಹಿಂಬದಿಯ ಚರ್ಮ ಕಪ್ಪಾಗಿತ್ತು. ಅದನ್ನು ಕತ್ತರಿಸಿ ತೆಗೆದು ತೊಡೆಯ ಚರ್ಮ ಹಚ್ಚಿದರು. ನಡುವಿನ ಎರಡು ಬೆರಳು ಒಳಗೆ ಮಡಚಿಕೊಂಡು ಹಾಗೆಯೇ ನಿಂತವು.

ಡ್ರೆಸ್ಸಿಂಗ್ ಬದಲಿಸಲು ದಿನ ಬಿಟ್ಟು ದಿನ ಆಸ್ಪತ್ರೆಗೆ ಹೋಗಬೇಕಿತ್ತು. ಸೊಸೆ ಕೆಲಸ ಮಾಡುತ್ತಿದ್ದದ್ದು ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ. ಬೆಳಗಿನ ಪಾಳಿ ಬಿಟ್ಟು ಮಧ್ಯಾಹ್ನದ್ದು ಕೇಳಿಕೊಂಡಳು. "ಮಗು ನಿಂದು, ಪಾಳಿ ನಂದಾ?" ಎಂದ ಮೇಸ್ತ್ರಿ, ಆದರೂ ಕೊಟ್ಟ.

ಒಂದು ಸಲ ಡ್ರೆಸ್ಸಿಂಗ್ ಕೋಣೆಯಲ್ಲಿ ಆ ಕಿರಿಯ ಡಾಕ್ಟರೇ ಸಿಕ್ಕಿದ.

"ನೋಡಿಯಮ್ಮಾ, ಡ್ರಿಪ್ ಜಾರೋದು ಎಲ್ಲಾ ಕಡೆ ಆಗುತ್ತೆ. ಮಗು ಉಳೀತು. ನೀವು ಒಳ್ಳೇದನ್ನ ನೋಡಬೇಕು."

"ಒಳ್ಳೇದು ಮನೇಲಿ ನೋಡ್ತೀನಿ ಸಾರ್. ನೀವು ಕೈ ನೋಡಿ."

"ನೋಡ್ತಾ ಇದೀನಲ್ಲ."

"ಈಗ ನೋಡ್ತಾ ಇದೀರಿ. ಅವತ್ತು ಬಿಚ್ಚಿ ನೋಡಬೇಕಿತ್ತು, ನೋಡಲಿಲ್ಲ. ಅಷ್ಟು ಹೇಳಿ, ನಾನು ಹೊರಟುಹೋಗ್ತೀನಿ."

ಡಾಕ್ಟರ್ ಕೈಗವಸು ತೆಗೆದು ಬುಟ್ಟಿಗೆ ಹಾಕಿದ. "ಮುಂದಿನವರನ್ನ ಕಳಿಸಿ," ಎಂದ ಬಾಗಿಲ ಕಡೆಗೆ.

ಆ ರಾತ್ರಿ ಆಲೂಗಡ್ಡೆ ಹೆಚ್ಚುತ್ತಾ ಸೊಸೆ, ದೊಡ್ಡ ಡಾಕ್ಟರಿಗೆ ದೂರು ಕೊಡುತ್ತೇನೆ ಎಂದಳು. ಆಯಾ ಇನ್ನೂ ಕೆಲಸದಿಂದ ಬಂದಿರಲಿಲ್ಲ.

"ಕೊಟ್ಟು?" ಎಂದಳು ಅಜ್ಜಿ. "ಹೊಸ ಕೈ ಕೊಡ್ತಾರಾ?"

"ತಪ್ಪಾಯ್ತು ಅಂತಾರೆ."

"ಆ ಮಾತು ಪಾತ್ರೆಗೆ ಹಾಕಿ ಬೇಯಿಸ್ತೀಯಾ? ನನ್ ಮಗಳು ಅಲ್ಲಿ ಕೆಲಸ ಮಾಡ್ತಾಳೆ. ಈ ವರ್ಷ ಖಾಯಂ ಮಾಡ್ತೀವಿ ಅಂದಿದಾರೆ. ನೀನು ಹೋಗಿ ಆ ಕೆಲಸಕ್ಕೆ ಕಲ್ಲು ಹಾಕು."

"ಅಕ್ಕನ ಮೇಲೆ ನಾನ್ಯಾಕೆ ದೂರು ಕೊಡ್ಲಿ? ಅಕ್ಕ ಕಟ್ಟಿದ್ದು ಅಷ್ಟೇ. ನೋಡಬೇಕಾದವರು ಅವರು. ಅಳ್ತಾ ಇದೆ ಅಂತ ನಾನು ಬಾಯಿ ಬಡ್ಕೊಂಡೆ."

"ಬಾಯಿ ಬಡ್ಕೊಂಡಿದ್ದು ನಿಜ. ಅದನ್ನ ಇನ್ನೂ ನಿಲ್ಲಿಸಿಲ್ಲ ನೀನು."

ಅವಳ ಗಂಡ, ಗಾಜಿನವನು, ಬೂಟು ಬಿಚ್ಚುತ್ತಿದ್ದ. ಆ ವಾರ ಅಂಗಡಿಯಲ್ಲಿ ಒಂದು ಇಡೀ ಹಾಳೆ ಗಾಜನ್ನು ತಪ್ಪು ಅಳತೆಗೆ ಕತ್ತರಿಸಿ ಬೈಸಿಕೊಂಡಿದ್ದ. ಅವನಿಗೆ ಮನೆಯಲ್ಲಿ ಮಾತು ನಿಂತರೆ ಸಾಕಾಗಿತ್ತು.

"ಕೊಡಬೇಕು ಅಂದ್ರೆ ಕೊಡು," ಎಂದ. "ಆದ್ರೆ ಅಕ್ಕನ ಹೆಸರು ಎಲ್ಲೂ ಬರಬಾರದು. ಯಾರು ಕಟ್ಟಿದ್ದು ಅಂತ ಕೇಳಿದ್ರೆ ಗೊತ್ತಿಲ್ಲ ಅನ್ನು. ಬಿಳಿ ಬಟ್ಟೆ ಹಾಕ್ಕೊಂಡಿದ್ರು, ಎಲ್ರೂ ಒಂದೇ ಥರ ಕಾಣ್ತಾರೆ ಅನ್ನು."

"ಆಯಾ ಬಟ್ಟೆ ನೀಲಿ ಕಣೋ," ಎಂದಳು ಅಜ್ಜಿ. "ಸುಳ್ಳು ಹೇಳಿಸೋದಾದ್ರೆ ನೆಟ್ಟಗೆ ಹೇಳಿಸು."

ಬಟಾಣಿ ನಕ್ಕಳು. ಯಾಕೆಂದು ಅವಳಿಗೂ ಗೊತ್ತಿರಲಿಲ್ಲ, ಆದರೆ ಅವಳು ನಕ್ಕಿದ್ದಕ್ಕೆ ಎಲ್ಲರೂ ನಕ್ಕರು. ಆ ನಗುವಿನಲ್ಲೇ ತೀರ್ಮಾನವೂ ಆಗಿಹೋಯಿತು.

ಆಯಾ ಬಂದ ಮೇಲೆ ತಮ್ಮನೇ ವಿಷಯ ಹೇಳಿದ. ಅವಳು ಕಾಲು ತೊಳೆದು ಬಂದು ತಟ್ಟೆ ಎಳೆದುಕೊಂಡಳು.

"ಕೊಡ್ಲಿ ಬಿಡು. ತಾಯಿ ಹೊಟ್ಟೆ ಉರಿದಿದೆ. ನಮ್ ವಾರ್ಡಲ್ಲಿ ವಾರಕ್ಕೊಬ್ರು ದೂರು ಕೊಡ್ತಾರೆ. ಕೊಟ್ಟೋರಿಗೆ ಒಂದು ಕುರ್ಚಿ, ಒಂದು ಲೋಟ ನೀರು ಸಿಗುತ್ತೆ, ಅಷ್ಟೇ." ನಂತರ ಸೊಸೆಯ ಕಡೆ ತಿರುಗಿ, ತಮಾಷೆಯ ದನಿ ಬಿಟ್ಟು, "ನನ್ನ ಮಾತ್ರ ಎಳೀಬೇಡ ಕಣೇ," ಎಂದಳು.

"ಇಲ್ಲ ಅಕ್ಕ. ಆಣೆಗೂ ಇಲ್ಲ."

ವಿಚಾರಣೆಗೆ ಕರೆ ಬಂದದ್ದು ಕೆಲವು ವಾರ ಕಳೆದ ಮೇಲೆ. ಅಷ್ಟರಲ್ಲಿ ಬ್ಯಾಂಡೇಜ್ ಹೋಗಿ ಕೈ ಬಯಲಾಗಿತ್ತು. ಹಚ್ಚಿದ ಚರ್ಮ ಬೇರೆ ಬಣ್ಣದ ತೇಪೆಯಂತೆ ಕಾಣುತ್ತಿತ್ತು. ಬಟಾಣಿ ಅಂಗಿಯ ತೋಳು ಎಳೆದು ಮುಚ್ಚಿಕೊಳ್ಳುವುದನ್ನು ಆಗಲೇ ಕಲಿತಿದ್ದಳು.

ದೊಡ್ಡ ಡಾಕ್ಟರಿನ ಕೋಣೆಯಲ್ಲಿ ಕುರ್ಚಿಯೂ ನೀರೂ ಸಿಕ್ಕವು. ದೊಡ್ಡ ಡಾಕ್ಟರ್ ವಯಸ್ಸಾದ ಹೆಂಗಸು, ಮಾತು ಮೆತ್ತಗೆ. ಪಕ್ಕದಲ್ಲಿ ಹೆಡ್ ನರ್ಸ್. ಕಿರಿಯ ಡಾಕ್ಟರ್ ಇರಲಿಲ್ಲ. ತರಬೇತಿಗೆ ಬೇರೆ ಕಡೆ ಹೋಗಿದ್ದಾನೆಂದರು. ಸೊಸೆ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ದಾರಿಯಲ್ಲಿ ಬಾಯಿಪಾಠ ಮಾಡಿಕೊಂಡಿದ್ದಳು.

"ಕೈ ಸುತ್ತಿದ್ದು ಯಾರು?" ಎಂದರು ದೊಡ್ಡ ಡಾಕ್ಟರ್.

"ಗೊತ್ತಿಲ್ಲ ಮೇಡಂ."

"ನೀವು ಪಕ್ಕದಲ್ಲೇ ಇದ್ದಿರಿ ಅಂದ್ರಿ."

"ಇದ್ದೆ. ಯಾರೋ ಒಬ್ರು ಸುತ್ತಿದ್ರು. ಮುಖ ನೆನಪಿಲ್ಲ."

ಹೆಡ್ ನರ್ಸ್ ಕನ್ನಡಕ ತೆಗೆದಳು. ಕೋಪವೇನೂ ಇರಲಿಲ್ಲ ಅವಳಲ್ಲಿ. "ಅಮ್ಮಾ, ಅವಳು ನಿನ್ ಗಂಡನ ಅಕ್ಕ ಅಲ್ವಾ? ಮಂಚಕ್ಕೆ ಅಂತ ಎರಡು ದಿನ ನನ್ ಹಿಂದೆ ತಿರುಗಿದ್ದು ಯಾರು? ಒಂದೇ ಮನೇಲಿ ಇದ್ದೀರಿ. ಮುಖ ನೆನಪಿಲ್ವಾ?"

ಸೊಸೆ ಲೋಟ ಎತ್ತಿ ನೀರು ಕುಡಿದಳು. ಆಯಾಳನ್ನು ಕರೆಸಿದರು. ಅವಳು ಒದ್ದೆ ಕೈಯನ್ನು ನೀಲಿ ಅಂಗಿಗೆ ಒರೆಸಿಕೊಳ್ಳುತ್ತಾ ಬಂದು ಬಾಗಿಲಲ್ಲೇ ನಿಂತಳು.

"ಈ ಮಗುವಿನ ಕೈ ಕಟ್ಟಿದ್ದು ಯಾರು?"

ಆಯಾ ಸೊಸೆಯ ಕಡೆ ನೋಡಿದಳು. ಸೊಸೆ ನೆಲ ನೋಡುತ್ತಿದ್ದಳು.

"ನಾನೇ ಮೇಡಂ."

"ಕಟ್ಟೋಕೆ ನಿನಗೆ ಹೇಳಿದ್ದು ಯಾರು?"

"ಹೇಳೋದೇನು ಮೇಡಂ, ಎಲ್ಲಾ ಮಕ್ಕಳಿಗೂ ನಾವೇ ಕಟ್ಟೋದು. ಸಿಸ್ಟರ್‌ಗೆ ಗೊತ್ತು."

"ನಾನಂತೂ ಹೇಳಿಲ್ಲ," ಎಂದಳು ಹೆಡ್ ನರ್ಸ್.

ಸೊಸೆ ಎದ್ದು ನಿಂತಳು. "ಕಟ್ಟಿದ್ದಲ್ಲ ಮೇಡಂ ತಪ್ಪು! ನೋವು ನೋವು ಅಂತ ಕಿರುಚ್ತಾ ಇತ್ತು ಮಗು. ಬಿಚ್ಚಿ ಬಿಚ್ಚಿ ಅಂತ ನಾನು ಬೇಡ್ಕೊಂಡೆ. ಆ ಡಾಕ್ಟರ್‌ಗೂ ಹೇಳ್ದೆ. ಯಾರೂ ಬಿಚ್ಚಲಿಲ್ಲ. ಅದನ್ನ ಕೇಳಿ ಅವರನ್ನ."

"ಇರಬಹುದು," ಎಂದರು ದೊಡ್ಡ ಡಾಕ್ಟರ್. "ಆದ್ರೆ ಈಗ ತಾನೇ ನನ್ನೆದುರು ಕೂತು ಒಂದು ಸುಳ್ಳು ಹೇಳಿದ್ರಿ. ಉಳಿದದ್ದನ್ನ ಹೇಗೆ ನಂಬಲಿ, ನೀವೇ ಹೇಳಿ."

ಬಾಯಿಪಾಠ ಮಾಡಿಕೊಂಡದ್ದರಲ್ಲಿ ಈ ಪ್ರಶ್ನೆ ಇರಲಿಲ್ಲ.

ವಾರದೊಳಗೆ ಆಯಾಳನ್ನು ಕೆಲಸದಿಂದ ತೆಗೆದರು. ನರ್ಸಿನ ಕೆಲಸವನ್ನು ತಾನು ಮಾಡಿದಳು, ಸಂಬಂಧಿಕರ ಮಗುವೆಂದು ಅದನ್ನು ಮುಚ್ಚಿಟ್ಟಳು ಎಂಬ ಕಾರಣಕ್ಕೆ. ಸೊಸೆಯನ್ನು ಕರೆಸಿ ಅದನ್ನೇ ಹೇಳಿದರು: ನಿಮ್ಮ ದೂರಿಗೆ ಕ್ರಮ ಆಗಿದೆ, ತಪ್ಪು ಮಾಡಿದವರು ಈಗ ಇಲ್ಲಿಲ್ಲ.

ಆಯಾ ಮಧ್ಯಾಹ್ನವೇ ಮನೆಗೆ ಬಂದಳು. ವಾರ್ಡಿನ ಚಪ್ಪಲಿ, ಟವೆಲ್ಲು, ಊಟದ ಡಬ್ಬಿ ಒಂದು ಚೀಲದಲ್ಲಿದ್ದವು. ಚೀಲವನ್ನು ಬಾಗಿಲ ಹಿಂದಿಟ್ಟು, ಚಾಕು ತಗೊಂಡು ಈರುಳ್ಳಿ ಸುಲಿಯಲು ಕೂತಳು.

"ಇಷ್ಟು ಬೆಳಕಿರೋವಾಗ ಈ ಅಡುಗೆಮನೆ ನೋಡಿ ಎಷ್ಟು ವರ್ಷ ಆಯ್ತು," ಎಂದಳು. "ಗೋಡೆ ಇಷ್ಟೊಂದು ಮಸಿ ಹಿಡಿದಿದೆ ಅಂತ ಗೊತ್ತೇ ಇರ್ಲಿಲ್ಲ."

ಅಜ್ಜಿಗೆ ವಿಷಯ ತಿಳಿದದ್ದು ಆಗ. ಅವಳು ಮಗಳನ್ನು ಏನೂ ಕೇಳಲಿಲ್ಲ, ಒಳಗೆ ಬಟ್ಟೆ ಮಡಚುತ್ತಿದ್ದ ಸೊಸೆಯ ಮುಂದೆ ಹೋಗಿ ನಿಂತಳು.

"ಈಗ ಹೊಟ್ಟೆ ತಣ್ಣಗಾಯ್ತಾ?"

ಸೊಸೆ ಇನ್ನೊಂದು ಅಂಗಿ ಎತ್ತಿಕೊಂಡು ಮಡಚಿದಳು.

"ಕೇಳ್ತಾ ಇದೀನಿ. ತಣ್ಣಗಾಯ್ತಾ? ತಪ್ಪಾಯ್ತು ಅಂದ್ರಾ? ಕಾಲಿಗೆ ಬಿದ್ರಾ? ಮಂಚ ಕೊಡಿಸಿದೋಳ ಅನ್ನಕ್ಕೆ ಮಣ್ಣು ಹಾಕಿ ಬಂದೆಯಲ್ಲೇ, ಮಹರಾಯ್ತಿ."

"ಗೊತ್ತಿಲ್ಲ ಅನ್ನು ಅಂದಿದ್ದು ನಿಮ್ ಮಗ!" ಸೊಸೆ ಬಟ್ಟೆ ಕೆಳಗೆಸೆದಳು. "ನೀವೂ ನಕ್ಕಿರಿ! ಇದ್ದಿದ್ದನ್ನ ಇದ್ದ ಹಾಗೆ ಹೇಳಿದ್ರೆ ನನ್ ಮಾತಾದ್ರೂ ಕೇಳೋರು."

"ಇದ್ದಿದ್ದನ್ನ ಹೇಳಿದ್ರೆ ಇವಳ ಕೆಲಸ ಉಳೀತಿತ್ತಾ?"

"ಈಗ ಉಳೀತಾ?"

"ಅಮ್ಮಾ, ಸಾಕು," ಎಂದಳು ಆಯಾ ಅಡುಗೆಮನೆಯಿಂದ. "ಈರುಳ್ಳಿಗೇ ಕಣ್ಣೀರು ಬರ್ತಾ ಇದೆ, ನೀವು ಬೇರೆ ಸೇರಿಸಬೇಡಿ."

ಅಂದಿನಿಂದ ಅಜ್ಜಿ ಸೊಸೆಯ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟಳು. ಮೊದಲು ಮಗ, ಮಗಳು, ಮೊಮ್ಮಗಳನ್ನು ಕೂರಿಸಿಕೊಂಡು ಉಣ್ಣುವಳು. ಎದ್ದ ಮೇಲೆ, "ತಟ್ಟೆ ಖಾಲಿಯಾಗಿದೆ," ಎಂದು ಗೋಡೆಗೆ ಹೇಳುವಳು. ಸೊಸೆ ಆಮೇಲೆ ಒಬ್ಬಳೇ ತಿನ್ನುವಳು. ಗಾಜಿನವನು ಎರಡು ಸಲವೂ ಕೂರುತ್ತಿದ್ದ. ಮೊದಲನೆಯ ಸಲ ಉಣ್ಣಲು, ಎರಡನೆಯ ಸಲ ಸುಮ್ಮನೆ. "ಒಂದು ತುತ್ತು ಹಾಕ್ಕೊಳ್ಳಿ," ಎಂದರೆ, "ಹೊಟ್ಟೆ ತುಂಬಿದೆ," ಎನ್ನುವನು. ಒಂದು ದಿನ, "ನಾನು ಹಾಗೆ ಹೇಳಿಸಬಾರದಿತ್ತು," ಎಂದ. ಹೆಂಡತಿ ತಟ್ಟೆ ಎತ್ತಿಕೊಂಡು ಎದ್ದು ಹೋದಳು.

ಆಯಾಗೆ ಬೇರೆ ಆಸ್ಪತ್ರೆಗಳಲ್ಲಿ ಕೆಲಸ ಸಿಗಲಿಲ್ಲ. ಎಲ್ಲೇ ಹೋದರೂ ಮೊದಲಿನ ಕಡೆ ಯಾಕೆ ಬಿಟ್ಟಿರಿ ಎಂದು ಕೇಳುತ್ತಿದ್ದರು. ಕೊನೆಗೆ ಸೊಸೆಯೇ ಮೇಸ್ತ್ರಿಯನ್ನು ಕೇಳಿ ಲಾಂಡ್ರಿಯಲ್ಲಿ ಸೇರಿಸಿದಳು. ಹೋಟೆಲಿನ ದೊಡ್ಡ ಹಾಸುಬಟ್ಟೆಗಳನ್ನು ಮಡಚಲು ಇಬ್ಬರು ಬೇಕು. ಒಬ್ಬೊಬ್ಬರು ಒಂದೊಂದು ತುದಿ ಹಿಡಿದು, ಜಗ್ಗಿ, ಎದುರಾಗಿ ನಡೆದು ಬಂದು ಅಂಚಿಗೆ ಅಂಚು ಸೇರಿಸಬೇಕು. ಮೇಸ್ತ್ರಿ ಇಬ್ಬರನ್ನೂ ಒಂದೇ ಮೇಜಿಗೆ ಹಾಕಿದ. ಒಂದೇ ಮನೆಯವರು, ಜಗಳ ಆಡುವುದಿಲ್ಲ ಎಂಬ ಲೆಕ್ಕ ಅವನದು.

ಮೊದಮೊದಲು ಅಂಚು ಕೂಡಿಸಿ ಮತ್ತೆ ಹಿಂದಕ್ಕೆ ನಡೆಯುವರು, ಅಷ್ಟೇ. ಬಿಸಿ ಬಟ್ಟೆ, ಯಂತ್ರಗಳ ಸದ್ದು. ಒಂದು ಮಧ್ಯಾಹ್ನ ಅಂಚು ಕೂಡಿಸಲು ಹತ್ತಿರ ಬಂದಾಗ ಆಯಾ ಅಂಚನ್ನು ಕೊಡದೆ ಹಿಡಿದುಕೊಂಡೇ ನಿಂತಳು.

"ಬಿಚ್ಚಿ ನೋಡಬೇಕಿತ್ತು ಕಣೇ. ನನಗೂ ಅನ್ನಿಸಿತ್ತು. ನನ್ ಕಟ್ಟು ಕೆಡುತ್ತಲ್ಲ ಅಂತ ಸುಮ್ನಾದೆ."

ಸೊಸೆ ಅವಳನ್ನೇ ನೋಡಿದಳು. ಇಷ್ಟು ವಾರಗಳಿಂದ ಅವಳು ಅಲೆದದ್ದು ಈ ಮಾತಿಗಾಗಿ.

"ನಿಮ್ ಬಾಯಿಂದ ಕೇಳೋಕೆ ನಾನು ಅಲ್ಲಿಗೆ ಹೋಗಿರ್ಲಿಲ್ಲ ಅಕ್ಕ."

"ಗೊತ್ತು. ಅವರು ಹೇಳಲ್ಲ."

"ಸುಮ್ನಿರು ಅಂದ್ರಿ, ನಾನು ಸುಮ್ನಾದೆ. ನನ್ ಮಗು. ನಾನೇ ಬಿಚ್ಚಬಹುದಿತ್ತು."

"ನನ್ ಕಟ್ಟು ನಿನ್ ಕೈಲಿ ಬಿಚ್ಚೋಕೆ ಆಗ್ತಿರ್ಲಿಲ್ಲ," ಎಂದಳು ಆಯಾ. ತಮಾಷೆ ಮಾಡಲು ಹೋಗಿದ್ದಳು. ಮುಖ ಕೈಕೊಟ್ಟಿತು. ಹಾಸುಬಟ್ಟೆಯ ಅಂಚಿನಿಂದಲೇ ಮೂಗು ಒರೆಸಿಕೊಂಡಳು.

"ಅದನ್ನ ಮತ್ತೆ ಒಗೀಬೇಕು," ಎಂದು ಆ ಕಡೆಯ ಮೇಜಿನಿಂದ ಮೇಸ್ತ್ರಿ ಕೂಗಿದ.

ಆಸ್ಪತ್ರೆಯವರು ಬೆರಳಿಗೆ ವ್ಯಾಯಾಮ ಹೇಳಿಕೊಟ್ಟಿದ್ದರು. ಉಗುರು ಬೆಚ್ಚಗಿನ ನೀರಿನಲ್ಲಿ ಕೈ ನೆನೆಸಿ, ಮಡಚಿದ ಬೆರಳುಗಳನ್ನು ಒಂದೊಂದಾಗಿ ಹೊರಕ್ಕೆ ಜಗ್ಗಿ, ಸ್ವಲ್ಪ ಹೊತ್ತು ಹಾಗೇ ಹಿಡಿಯಬೇಕು. ನೋಯುತ್ತದೆ, ನೋಯುವವರೆಗೆ ಜಗ್ಗದಿದ್ದರೆ ಪ್ರಯೋಜನವಿಲ್ಲ. ದಿನ ತಪ್ಪಿಸಿದರೆ ಬೆರಳು ಹಾಗೆಯೇ ಗಟ್ಟಿಯಾಗಿಬಿಡುತ್ತದೆ, ಆಮೇಲೆ ಏನೂ ಮಾಡಲಾಗುವುದಿಲ್ಲ ಎಂದಿದ್ದರು. ಇದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ತಾಯಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ತೋಳು ಹಿಡಿಯುವಳು, ಆಯಾ ಎದುರು ಕೂತು ಬೆರಳು ಜಗ್ಗುವಳು.

ರಜೆಯ ದಿನ, ಊಟ ಆದ ಮೇಲೆ ಬೇಸಿನ್ ತಂದಿಟ್ಟರು. ಅಜ್ಜಿ ಕಿಟಕಿಯ ಬಳಿ ಕೂತು ಬಟನ್ ಹೊಲಿಯುತ್ತಿದ್ದಳು. ಆಯಾ ಮೊದಲ ಬೆರಳನ್ನು ಜಗ್ಗಿದಳು. ಬಟಾಣಿಯ ಮೈ ಬಿಗಿಯಾಯಿತು, ತುಟಿ ಒಳಕ್ಕೆ ಹೋಯಿತು. ದನಿ ಬರಲಿಲ್ಲ.

"ಎಷ್ಟು ಜಾಣೆ ನೋಡು ನನ್ ಮೊಮ್ಮಗಳು," ಎಂದಳು ಅಜ್ಜಿ. ಸೊಸೆಯ ಕಡೆ ಮುಖ ಮಾಡಿ ಅವಳು ಮಾತಾಡಿ ಬಹಳ ದಿನವಾಗಿತ್ತು. "ಒಂದು ಹನಿ ಕಣ್ಣೀರಿಲ್ಲ."

ತಾಯಿ ಮಗುವಿನ ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಹಣೆಯೆಲ್ಲ ಬೆವತಿತ್ತು.

"ನೋಯ್ತಾ ಇದ್ಯಾ?"

ಬಟಾಣಿ ಇಲ್ಲವೆಂದು ತಲೆಯಾಡಿಸಿದಳು.

"ನೋಯ್ತಾ ಇದೆ ನಿನಗೆ. ನೋವಾದ್ರೆ ಅಳಬೇಕು ಪುಟ್ಟಾ. ಬಾಯಿಬಿಟ್ಟು ಹೇಳಬೇಕು."

"ಹೇಳಿದ್ರೆ ಏನ್ ಮಾಡ್ತೀಯ?"

ಕೇಳಿದ್ದರಲ್ಲಿ ಹಟವಿರಲಿಲ್ಲ, ಸಿಟ್ಟೂ ಇರಲಿಲ್ಲ. ಅವಳಿಗೆ ನಿಜವಾಗಿ ಗೊತ್ತಿರಲಿಲ್ಲ. ಅಜ್ಜಿಯ ಕೈಯಲ್ಲಿ ಸೂಜಿ ನಿಂತಿತು.

"ನಿಲ್ಲಿಸ್ತೀವಿ," ಎಂದಳು ತಾಯಿ.

ಆಯಾ ಬಾಯಿ ತೆರೆದವಳು ಸೊಸೆಯ ಮುಖ ನೋಡಿ ಸುಮ್ಮನಾದಳು. ಬಟಾಣಿ ಇಬ್ಬರನ್ನೂ ಒಮ್ಮೆ ನೋಡಿದಳು.

"ನೋವು," ಎಂದಳು.

ಆಯಾ ಬೆರಳು ಬಿಟ್ಟಳು. ತಾಯಿ ತೋಳು ಬಿಟ್ಟಳು. ನೀರಿನೊಳಗೆ ಬೆರಳು ಮೆಲ್ಲಗೆ ಮತ್ತೆ ಒಳಕ್ಕೆ ಮಡಚಿಕೊಂಡಿತು.